ಮಸಲ್‌ಬರಾದ ಲೊರೆಟ್ಟೊ: ಹೆಸರು ಶಾಲೆಗೆ, ಕಲ್ಲು ಜೈಲಿಗೆ

ಸ್ಕಾಟ್ಲೆಂಡಿನ ಎಡಿನ್‌ಬರಾದಿಂದ ಪೂರ್ವಕ್ಕೆ ಸುಮಾರು 10 ಕಿಲೋಮೀಟರ್ ಹೋದರೆ, ಸಮುದ್ರದ ದಡದಲ್ಲಿ ಮಸಲ್‌ಬರಾ ಸಿಗುತ್ತದೆ. ಊರಿನ ಪೂರ್ವ ಬಾಗಿಲ ಹತ್ತಿರ ಒಂದು ಕಾಲಕ್ಕೆ ಏಸುವಿನ ತಾಯಿ ಮರಿಯಮ್ಮನವರ ಹೆಸರಿನ ಲೊರೆಟ್ಟೊ ಚಾಪೆಲ್ (ಚಿಕ್ಕ ಚರ್ಚು) ಇತ್ತು. ಪಕ್ಕದಲ್ಲೇ ಅದನ್ನು ಕಟ್ಟಿಸಿದ ಸನ್ಯಾಸಿಯ ಬಿಡಾರ. ಅರವತ್ತು ವರ್ಷ ತುಂಬುವಷ್ಟರಲ್ಲಿ ಎಲ್ಲ ನೆಲಸಮ.

ಮೊದಲು ಹೆಸರಿನ ವಿಷಯ. ಏಸುವಿನ ತಾಯಿ ನಜರೇತಿನಲ್ಲಿ ಇದ್ದ ಮನೆಯನ್ನು ದೇವದೂತರು ಹೊತ್ತು ತಂದು ಇಟಲಿಯ ಲೊರೆಟೊದಲ್ಲಿ ಇಳಿಸಿದರು ಎಂಬುದು ಕ್ಯಾಥೊಲಿಕರ ನಂಬಿಕೆ. ಆ ಹೆಸರು ಊರೂರಿಗೆ ಹಬ್ಬಿತು. ನಮ್ಮ ಬಂಟ್ವಾಳದ ಲೊರೆಟ್ಟೊ ಚರ್ಚಿನ ಹೆಸರೂ ಅಲ್ಲಿಂದಲೇ ಬಂದದ್ದು. ಸ್ಕಾಟ್ಲೆಂಡಿಗೆ ಅದನ್ನು ತಂದವನು ಥಾಮಸ್ ಡೌಟಿ ಎಂಬ ಸನ್ಯಾಸಿ. 1533ರ ಸುಮಾರಿಗೆ ಊರಿನವರು ಚಾಪೆಲ್ ಕಟ್ಟಲು ಅವನಿಗೆ ಜಾಗ ಕೊಟ್ಟರು.

ಮೂರೇ ವರ್ಷದಲ್ಲಿ ಅದು ಎಷ್ಟು ಹೆಸರು ಮಾಡಿತ್ತು ನೋಡಿ. 1536ರಲ್ಲಿ ರಾಜ ಐದನೇ ಜೇಮ್ಸ್ ಸ್ಟರ್ಲಿಂಗ್‌ನಿಂದ ಇಲ್ಲಿಯವರೆಗೆ ಕಾಲ್ನಡಿಗೆಯಲ್ಲಿ ಬಂದ. 60 ಕಿಲೋಮೀಟರಿಗೂ ಜಾಸ್ತಿ ದಾರಿ. ಆಮೇಲೆ ಫ್ರಾನ್ಸಿಗೆ ಹೋಗಿ, 1537ರ ಜನವರಿ 1ರಂದು ರಾಜಕುಮಾರಿ ಮ್ಯಾಡಲಿನ್‌ಳನ್ನು ಮದುವೆಯಾದ. ಪಾಪ, ಆಕೆ ಅದೇ ಜುಲೈನಲ್ಲಿ ತೀರಿಕೊಂಡಳು.

ಈಗ ಸ್ವಲ್ಪ ಹುಷಾರಾಗಿ ಓದಬೇಕಾದ ಭಾಗ. ಡೌಟಿಯ ಬಗ್ಗೆ ಉಳಿದಿರುವ ಮಾತು ಜಾಸ್ತಿ ಅವನಿಗೆ ಆಗದವರದ್ದೇ. ಮತಸುಧಾರಣೆಯ, ಅಂದರೆ ಪೋಪರ ವಿರುದ್ಧ ಎದ್ದ ಪ್ರೊಟೆಸ್ಟೆಂಟ್ ಚಳವಳಿಯ ಪರ ಇದ್ದ ಗ್ಲೆನ್‌ಕೇರ್ನ್ ಅರ್ಲ್ (ಅರ್ಲ್ ಅಂದರೆ ದೊಡ್ಡ ಸರದಾರನ ಪದವಿ) ಒಂದು ಲೇವಡಿ ಪದ್ಯ ಬರೆದ. ಈ ಸನ್ಯಾಸಿಯೇ ಫ್ರಾನ್ಸಿಸ್ಕನ್ ಸಹೋದರರಿಗೆ ಬರೆದ ಪತ್ರದ ಹಾಗೆ ಅದು ಇದೆ. ಇನ್ನೊಂದು ಕಥೆ ಪ್ರೊಟೆಸ್ಟೆಂಟ್ ಪಾದ್ರಿ ಜಾನ್ ರೋ ಹೇಳಿದ್ದು. ಇಲ್ಲಿ ಒಬ್ಬ ಕುರುಡ ಹುಡುಗನಿಗೆ ಕಣ್ಣು ಬಂತು ಅಂತ ಪವಾಡ ತೋರಿಸಿದರಂತೆ. ನೋಡುತ್ತಿದ್ದ ಕೋಲ್ವಿಲ್ ಎಂಬ ಜಮೀನ್ದಾರನಿಗೆ ಅನುಮಾನ ಬಂತು. ಹುಡುಗನನ್ನು ಕರೆದೊಯ್ದು ಕೇಳಿದ. ಕಣ್ಣುಗುಡ್ಡೆ ಮೇಲಕ್ಕೆ ಹೊರಳಿಸಿ ಕುರುಡನ ಹಾಗೆ ನಟಿಸುತ್ತಿದ್ದೆ ಎಂದು ಹುಡುಗ ಬಾಯಿಬಿಟ್ಟನಂತೆ. ಕಥೆ ಸ್ವಾರಸ್ಯವಾಗಿದೆ, ಆದರೆ ಹೇಳುತ್ತಿರುವವರು ಯಾವ ಕಡೆಯವರು ಅಂತ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ. ಈ ‘ಅಂತೆ’ಯನ್ನು ಮಾತ್ರ ಬಿಡಬೇಡಿ.

1544ರಲ್ಲಿ ಚಾಪೆಲ್‌ಗೆ ಬೆಂಕಿ ಬಿತ್ತು. ಇಂಗ್ಲೆಂಡಿನ ಎಂಟನೇ ಹೆನ್ರಿಗೆ ತನ್ನ ಮಗನಿಗೆ ಸ್ಕಾಟ್ಲೆಂಡಿನ ಪುಟ್ಟ ರಾಣಿ ಮೇರಿಯನ್ನು ತಂದುಕೊಳ್ಳುವ ಹಟ. ಸ್ಕಾಟರು ಒಪ್ಪಲಿಲ್ಲ. ಹರ್ಟ್‌ಫರ್ಡ್ ಅರ್ಲ್‌ನ ಸೇನೆ ಬಂದು ಊರೂರು ಸುಟ್ಟಿತು. ಹೆಣ್ಣು ಕೇಳುವ ರೀತಿಯಾ ಇದು? ಚಾಪೆಲ್ ಅದಾದ ಮೇಲೂ ಹೇಗೋ ಉಳಿಯಿತು. ಆದರೆ 1560ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಪೋಪರ ಅಧಿಕಾರವನ್ನೇ ತಳ್ಳಿಹಾಕಿತು. ಯಾತ್ರೆ, ಹರಕೆ ಎಲ್ಲ ನಿಂತವು.

1590ರ ಸುಮಾರಿಗೆ ಊರಿನವರು ಅದನ್ನು ಕೆಡವಿ, ಆ ಕಲ್ಲನ್ನು ಟೋಲ್‌ಬೂತ್ ಕಟ್ಟಲು ಬಳಸಿದರು. ಟೋಲ್‌ಬೂತ್ ಅಂದರೆ ನಾವು ಹೆದ್ದಾರಿಯಲ್ಲಿ ನೋಡುವ ಟೋಲ್ ಅಲ್ಲ. ಪುರಸಭೆ, ಕೋರ್ಟು, ಜೈಲು ಮೂರೂ ಒಂದೇ ಕಟ್ಟಡದಲ್ಲಿ. ಇದಕ್ಕಾಗಿ ರೋಮ್ ಇಡೀ ಊರಿಗೇ ಬಹಿಷ್ಕಾರ ಹಾಕಿತ್ತು ಎಂಬ ಮಾತೂ ಇದೆ. ಅದನ್ನು ಐತಿಹ್ಯದ ಸಾಲಿಗೆ ಸೇರಿಸಿ. ಟೋಲ್‌ಬೂತ್ ಇವತ್ತಿಗೂ ನಿಂತಿದೆ. ಚಾಪೆಲ್ ಇದ್ದ ಕಡೆ 1827ರಲ್ಲಿ ಶುರುವಾದ ಲೊರೆಟ್ಟೊ ಶಾಲೆ ನಡೆಯುತ್ತಿದೆ.