ಮೆಗ್ಗರ್ ಪಾಸಾದ ಕೇಬಲ್‌ನೊಳಗಿನ ಪೊಳ್ಳು

ಮುಂಗಾರಿಗೆ ಮುಂಚೆ ಹಾಸನ, ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಘಟಕಗಳಲ್ಲಿ 11 ಕೆವಿ ಕೇಬಲ್‌ಗೆ ಮೆಗ್ಗರ್ (ಡಿಸಿ ವೋಲ್ಟೇಜು ಕೊಟ್ಟು ಇನ್ಸುಲೇಷನ್ನಿನ ರೆಸಿಸ್ಟೆನ್ಸ್ ಅಳೆಯುವ ಉಪಕರಣ) ಹಾಕಿ, ಸಾವಿರಾರು ಮೆಗಾಓಮ್ ಬಂದರೆ ನಿಶ್ಚಿಂತರಾಗುತ್ತಾರೆ. ತೇವ ಹೊಕ್ಕಿದ್ದರೆ ಮೆಗ್ಗರ್ ಹೇಳೀತು. ಇನ್ಸುಲೇಷನ್‌ನಲ್ಲಿ ಗಾಳಿಯ ಪೊಳ್ಳಿದ್ದರೆ ಹೇಳದು. ಪೊಳ್ಳಿನ ಸುತ್ತ ಇನ್ಸುಲೇಷನ್ನಿನ ಪ್ಲಾಸ್ಟಿಕ್ಕಾದ ಗಟ್ಟಿ ಎಕ್ಸ್‌ಎಲ್‌ಪಿಇ ಇರುವತನಕ ಡಿಸಿ ಕರೆಂಟು ಹರಿಯಲು ದಾರಿಯೇ ಇರುವುದಿಲ್ಲ.

ಎಸಿಯಲ್ಲಿ ಲೆಕ್ಕ ಬೇರೆ. ಎಕ್ಸ್‌ಎಲ್‌ಪಿಇಯ ಪರ್ಮಿಟಿವಿಟಿ (ತನ್ನೊಳಗಿನ ವಿದ್ಯುತ್ ಕ್ಷೇತ್ರವನ್ನು ತಗ್ಗಿಸುವ ಗುಣ) ಸುಮಾರು 2.3, ಗಾಳಿಯದು 1. ಹೀಗಾಗಿ ತೆಳ್ಳನೆಯ ಚಪ್ಪಟೆ ಪೊಳ್ಳಿನೊಳಗೆ ವಿದ್ಯುತ್ ಕ್ಷೇತ್ರ ಸುತ್ತಲಿನದರ ಎರಡು ಪಟ್ಟಿಗೂ ಮೀರುತ್ತದೆ. 11 ಕೆವಿ ಕೇಬಲ್‌ನಲ್ಲಿ ಫೇಸಿನಿಂದ ಭೂಮಿಗೆ 6.35 ಕೆವಿ, ಅದರ ಶಿಖರ ಸುಮಾರು 9 ಕೆವಿ. ಇನ್ಸುಲೇಷನ್ ದಪ್ಪ 3.6 ಮಿ.ಮೀ. ಕಂಡಕ್ಟರ್ ಪಕ್ಕದಲ್ಲಿ ಅರ್ಧ ಮಿ.ಮೀ. ಪೊಳ್ಳಿದ್ದರೆ ಅದರೊಳಗೆ ಮಿ.ಮೀ.ಗೆ ಸುಮಾರು 6 ಕೆವಿ ಬೀಳುತ್ತದೆ. ಅಷ್ಟು ದಪ್ಪದ ಗಾಳಿ ಮಿ.ಮೀ.ಗೆ ಸುಮಾರು 5 ಕೆವಿಗೇ ಒಡೆದು ಕಿಡಿ ಹಾರುತ್ತದೆ. 0.1 ಮಿ.ಮೀ.ಯ ಪೊಳ್ಳಿಗೆ ಮಿ.ಮೀ.ಗೆ 9–10 ಕೆವಿ ಬೇಕು, ಅದು ಸುಮ್ಮನಿರುತ್ತದೆ. ಪೊಳ್ಳಿನ ಗಾತ್ರವೇ ನಿರ್ಣಾಯಕ.

ಈ ಕಿಡಿಗೆ ಪಾರ್ಶಿಯಲ್ ಡಿಸ್ಚಾರ್ಜ್ ಎನ್ನುತ್ತಾರೆ. ಒಮ್ಮೆ ಕಿಡಿ ಶುರುವಾದರೆ ಪ್ರತಿ ಅರ್ಧ ಸೈಕಲ್ಲಿಗೂ ಹಾರುತ್ತದೆ. ಪೊಳ್ಳಿನ ಗೋಡೆ ತಿಂದುಹೋಗಿ ಅಲ್ಲಿಂದ ಕವಲೊಡೆದ ಸುಟ್ಟ ದಾರಿ ಬೆಳೆಯುತ್ತದೆ. ಕಿಡಿ ಹುಟ್ಟುವ ವೋಲ್ಟೇಜಿಗಿಂತ ಆರುವ ವೋಲ್ಟೇಜು ಕಡಿಮೆ ಎಂಬುದನ್ನು ಮರೆಯಬಾರದು. ಏಪ್ರಿಲ್–ಮೇ ತಿಂಗಳ ಗುಡುಗುಮಳೆಯಲ್ಲಿ ಲೈನಿನಿಂದ ಬಂದ ಸರ್ಜ್ (ಕ್ಷಣಕಾಲದ ಅಧಿಕ ವೋಲ್ಟೇಜು) ಕಿಡಿ ಹಚ್ಚಿತೆನ್ನಿ, ಆರುವ ವೋಲ್ಟೇಜು ಓಡುವ ವೋಲ್ಟೇಜಿಗಿಂತ ಕೆಳಗಿದ್ದರೆ ಅದು ತಾನಾಗಿ ಆರುವುದೇ ಇಲ್ಲ.

ಕಾರ್ಖಾನೆಯ ಕೇಬಲ್ ಐಇಸಿ 60502-2 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ ಫೇಸ್ ವೋಲ್ಟೇಜಿನ 1.73 ಪಟ್ಟಿನಲ್ಲಿ, 10 ಪಿಕೋಕೂಲಂಬ್ (ಕಿಡಿಯ ಚಾರ್ಜ್ ಅಳೆಯುವ ಮಾನ) ಅಥವಾ ಅದಕ್ಕೂ ಸೂಕ್ಷ್ಮವಾದ ಅಳತೆಯಲ್ಲಿ ಈ ಕಿಡಿಗಾಗಿ ಪರೀಕ್ಷೆಯಾಗಿ ಬಂದಿರುತ್ತದೆ. ಕೆಡುವುದು ಹೆಚ್ಚಾಗಿ ಗುಂಡಿಯಲ್ಲಿ ಮಾಡಿದ ಜಾಯಿಂಟು. ಹೊರಗಿನ ಸೆಮಿಕಾನ್ (ಇನ್ಸುಲೇಷನ್ ಮೇಲಿನ ಅರೆವಾಹಕ ಪದರ) ಸುಲಿಯುವಾಗ ಚಾಕು ಎಕ್ಸ್‌ಎಲ್‌ಪಿಇಗೆ ತಾಗಿದರೆ ಆ ಗೀರೇ ಪೊಳ್ಳು. ಸೆಮಿಕಾನ್ ಅಂಚಿನ ಮೆಟ್ಟಿಲಿನಲ್ಲಿ ಸ್ಟ್ರೆಸ್ ಮಾಸ್ಟಿಕ್ (ವಿದ್ಯುತ್ ಕ್ಷೇತ್ರದ ಒತ್ತಡ ತಗ್ಗಿಸುವ ಮೆತ್ತನೆಯ ಅಂಟು) ತುಂಬದಿದ್ದರೂ ಅಷ್ಟೆ. ಉಜ್ಜಲು ಅಲ್ಯುಮಿನಿಯಂ ಆಕ್ಸೈಡ್ ಕಾಗದವನ್ನೇ ಬಳಸಿ, ಎಮರಿ ಬೇಡ. ಒರೆಸುವುದು ಕಂಡಕ್ಟರಿನ ಕಡೆಯಿಂದ ಸೆಮಿಕಾನಿನ ಕಡೆಗೆ ಮಾತ್ರ, ಅದೇ ಬಟ್ಟೆ ಹಿಂದಕ್ಕೆ ಬರಕೂಡದು. ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ) ಕೊಳವೆಯನ್ನು ನಡುವಿನಿಂದ ಎರಡೂ ತುದಿಗೆ ಕುಗ್ಗಿಸುತ್ತ ಹೋಗಿ, ಗಾಳಿ ಹೊರಹೋಗಲಿ. ಮಲೆನಾಡಿನ ಜಡಿಮಳೆಯಲ್ಲಿ ಮೇಲೆ ಟಾರ್ಪಾಲು ಕಟ್ಟದೆ ಈ ಕೆಲಸಕ್ಕೆ ಕೈಹಾಕಲೇಬೇಡಿ.

ಕಿಡಿಯ ಪತ್ತೆಗೆ ಲೈನ್ ಚಾಲೂ ಇರುವಾಗಲೇ ಸ್ಕ್ರೀನಿನ (ಸೆಮಿಕಾನ್ ಮೇಲಿನ ಲೋಹದ ಪದರದ) ಅರ್ತ್ ತಂತಿಗೆ ಹೈ ಫ್ರೀಕ್ವೆನ್ಸಿ ಸಿಟಿ ಕ್ಲ್ಯಾಂಪ್ (ಕಿಡಿಯ ಕರೆಂಟಿನ ಪಲ್ಸು ಹಿಡಿಯುವ ಉಂಗುರ) ಹಾಕಬಹುದು. ಆದರೆ ಸ್ಕ್ರೀನನ್ನೂ ಆರ್ಮರನ್ನೂ (ಹೊರಗಿನ ಲೋಹದ ಕವಚವನ್ನೂ) ಕೇಬಲ್ ಒಳಹೋಗುವ ಗ್ಲ್ಯಾಂಡಿಗೇ ಒಟ್ಟಿಗೆ ಬಿಗಿದಿದ್ದರೆ ಕ್ಲ್ಯಾಂಪಿಗೆ ಜಾಗವೇ ಸಿಗದು. ಟರ್ಮಿನೇಷನ್ (ಕೇಬಲ್ ತುದಿಯ ಜೋಡಣೆ) ಮಾಡುವಾಗಲೇ ಸ್ಕ್ರೀನಿನ ತಂತಿ ಬೇರೆ ಬಿಡಿಸಿಕೊಳ್ಳಿ. ಪೊಳ್ಳಿನ ಕಿಡಿ ಎರಡೂ ಅರ್ಧ ಸೈಕಲ್ಲುಗಳಲ್ಲಿ, ವೋಲ್ಟೇಜು ಶಿಖರದತ್ತ ಏರುವ ಭಾಗದಲ್ಲಿ, ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಕಾಣುತ್ತದೆ. ಕೇಬಲಿನ ಹೊರಗೆ ಚೂಪಾದ ಲೋಹದ ತುದಿಯಿಂದ ಗಾಳಿಗೆ ಹಾರುವ ಕಿಡಿ, ಅಂದರೆ ಕೊರೋನಾ, ಶುರುವಿನಲ್ಲಿ ಒಂದೇ ಬದಿಯ ಶಿಖರದ ಸುತ್ತ ಗುಂಪುಗೂಡುತ್ತದೆ.

ಜಾಗ ಗೊತ್ತಾಗಬೇಕಾದರೆ ನೇರ ಬಂದ ಪಲ್ಸಿಗೂ ದೂರದ ತುದಿಯಿಂದ ಮರಳಿದ ಪಲ್ಸಿಗೂ ನಡುವಿನ ಕಾಲ ನೋಡಬೇಕು. 600 ಮೀಟರ್ ಕೇಬಲ್, ಮೈಕ್ರೋಸೆಕೆಂಡಿಗೆ 165 ಮೀಟರ್ ವೇಗ, ಅಂತರ 4 ಮೈಕ್ರೋಸೆಕೆಂಡ್ ಎಂದರೆ ದೋಷ ದೂರದ ತುದಿಯಿಂದ 330, ಅಳೆಯುವ ತುದಿಯಿಂದ 270 ಮೀಟರ್. ಅಲ್ಲಿ ಜಾಯಿಂಟಿದ್ದರೆ ಮೇಲೆ ಟೇಪು ಸುತ್ತಿ ಪ್ರಯೋಜನವಿಲ್ಲ, ಕತ್ತರಿಸಿ ಹೊಸದಾಗಿ ಮಾಡಿ. ಇನ್ಸುಲೇಷನ್ನಿನೊಳಗೆ ನೀರಿನಿಂದ ಮರದಂತೆ ಕವಲೊಡೆದು ಬೆಳೆಯುವ ದೋಷ, ವಾಟರ್ ಟ್ರೀ, ಮಾತ್ರ ಈ ಅಳತೆಗೆ ಸಿಗದು. ಹಳೆಯ ಕೇಬಲ್‌ಗೆ ಟ್ಯಾನ್ ಡೆಲ್ಟಾ (ಎಸಿಯಲ್ಲಿ ಇನ್ಸುಲೇಷನ್ನಿನ ಶಕ್ತಿ ನಷ್ಟ ಅಳೆಯುವ) ಪರೀಕ್ಷೆ ಬೇರೆಯಾಗಿಯೇ ಆಗಬೇಕು.