ಭತ್ತ ಸೊಂಟಕ್ಕೆ ಬಂದಾಗ ಕೈಕೊಡುವ ಸಿಗ್ನಲ್

ಬೆಂಗಳೂರಿನ ಸಂಶೋಧನಾ ಕೇಂದ್ರವೊಂದರಲ್ಲಿ ತಯಾರಾದ ನೀರಿನ ಮಟ್ಟದ ಸೆನ್ಸರ್‌ಗಳನ್ನು ಜೂನ್‌ನಲ್ಲಿ ಕಾರಟಗಿ, ಸಿಂಧನೂರು ಕಡೆಯ ಗದ್ದೆಗಳಲ್ಲಿ ನೆಟ್ಟು ನೋಡಿದರೆ ಯಾವ ತಕರಾರೂ ಕಾಣುವುದಿಲ್ಲ. ಗದ್ದೆ ಬಟಾಬಯಲು. ಐದು ಕಿ.ಮೀ. ಆಚೆ ಸಿಗ್ನಲ್ ಹಿಡಿಯುವ ಗೇಟ್‌ವೇಗೆ ಮಾಹಿತಿಯ ಪ್ಯಾಕೆಟ್‌ಗಳು ತಪ್ಪದೆ ಮುಟ್ಟುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು, ನಾಟಿ ಮುಗಿದು, ಅಕ್ಟೋಬರ್ ಹೊತ್ತಿಗೆ ಪೈರು ಸೊಂಟದೆತ್ತರ ಬಂದಾಗ ದೂರದ ನೋಡ್‌ಗಳು (ಸೆನ್ಸರ್, ರೇಡಿಯೋ ಇರುವ ಪೆಟ್ಟಿಗೆಗಳು) ಒಂದೊಂದಾಗಿ ಸುಮ್ಮನಾಗುತ್ತವೆ. ತೆನೆ ಬಿಚ್ಚುವ ಹೊತ್ತು, ಕೊನೆಭಾಗದ ರೈತರು ನೀರಿಗೆ ಕಾದು ಕೂರುವ ಹೊತ್ತು. ಲೆಕ್ಕ ಬೇಕಾಗಿರುವುದೇ ಆಗ. ದೂರು ಬರುವುದು ಬ್ಯಾಟರಿಯ ಮೇಲೆ, ಇಲ್ಲವೇ ನಿಂತ ನೀರಿನ ಮೇಲೆ. ಕಾರಣ ಹೆಚ್ಚಿನ ಸಲ ಆಂಟೆನಾ ಕಟ್ಟಿದ ಕಂಬದ ಎತ್ತರದಲ್ಲಿರುತ್ತದೆ.

ಈ ಸೆನ್ಸರ್ ಮಾಡುವ ಕೆಲಸ ಸರಳ. 30 ಸೆಂ.ಮೀ. ಉದ್ದದ ತೂತು ಕೊರೆದ ಪೈಪನ್ನು ಗದ್ದೆಯಲ್ಲಿ ಅರ್ಧ ಹೂತು, ಒಳಗಿನ ನೀರಿನ ಮಟ್ಟ ನೋಡುವುದು. ಮಟ್ಟ ನೆಲದಿಂದ 15 ಸೆಂ.ಮೀ. ಕೆಳಗಿಳಿದ ಮೇಲೆ ಮತ್ತೆ ನೀರು ಕಟ್ಟಿದರೂ ಇಳುವರಿಗೆ ಧಕ್ಕೆಯಿಲ್ಲ ಎಂಬುದು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಬೆಳೆಸಿದ ಪದ್ಧತಿ. ಹೂ ಬಿಡುವ ಅವಧಿಯಲ್ಲಿ ಮಾತ್ರ ಗದ್ದೆಯಲ್ಲಿ ನೀರು ನಿಂತೇ ಇರಬೇಕು. ಗಂಟೆಗೊಮ್ಮೆ ಏಳು ಬೈಟ್ ಮಾಹಿತಿ ಕಳಿಸಿದರೆ ಸಾಕು. ಕಡಿಮೆ ವಿದ್ಯುತ್ತಿನಲ್ಲಿ ಸಣ್ಣ ಮಾಹಿತಿಯನ್ನು ದೂರಕ್ಕೆ ಕಳಿಸುವ ರೇಡಿಯೋ ತಂತ್ರ ಲೋರಾ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ 2005ರಿಂದಲೂ ಲೈಸೆನ್ಸ್ ಬೇಡದ ಬ್ಯಾಂಡ್. 2021ರಲ್ಲಿ ಅದನ್ನು 868ರವರೆಗೆ ಹಿಗ್ಗಿಸಲಾಯಿತು. ಒಂದು ವ್ಯಾಟ್‌ವರೆಗೆ ಕಳಿಸಬಹುದು. ಬ್ಯಾಟರಿ ನೋಡ್‌ಗಳಲ್ಲಿ 25 ಮಿಲಿವ್ಯಾಟ್, ಅಂದರೆ 14 ಡಿಬಿಎಂ (ಒಂದು ಮಿಲಿವ್ಯಾಟ್‌ಗೆ ಹೋಲಿಸಿದ ಡೆಸಿಬೆಲ್ ಅಳತೆ) ಸಾಕೆಂದು ಇಟ್ಟಿರುತ್ತಾರೆ.

ಈಗ ಲೆಕ್ಕ. ಪ್ರಯೋಗಾಲಯದವರು ಖಾಲಿ ಆಕಾಶದ ಸೂತ್ರ ಹಿಡಿಯುತ್ತಾರೆ: 866 ಮೆಗಾಹರ್ಟ್ಸ್‌ನಲ್ಲಿ 5 ಕಿ.ಮೀ.ಗೆ ನಷ್ಟ 105 ಡಿಬಿ (ಡೆಸಿಬೆಲ್; ಪ್ರತಿ 10 ಡಿಬಿ ನಷ್ಟಕ್ಕೆ ಶಕ್ತಿ ಹತ್ತನೇ ಒಂದಕ್ಕೆ ಇಳಿಯುತ್ತದೆ). ಸಮತಟ್ಟಾದ ಬಯಲಿಗೆ ಈ ಸೂತ್ರ ಹೊಂದುವುದಿಲ್ಲ. ನೇರ ಬಂದ ಅಲೆಗೂ ನೆಲಕ್ಕೆ ತಾಗಿ ಬಂದ ಅಲೆಗೂ ದೂರ ಹೆಚ್ಚಿದಂತೆ ದಾರಿಯ ಉದ್ದದಲ್ಲಿ ವ್ಯತ್ಯಾಸ ಕಡಿಮೆಯಾಗುತ್ತದೆ. ಓರೆಯಾಗಿ ನೆಲ ಸವರಿದ ಅಲೆ ತಲೆಕೆಳಗಾಗಿ ಮರಳುವುದರಿಂದ ಎರಡೂ ಒಂದನ್ನೊಂದು ಅಳಿಸತೊಡಗುತ್ತವೆ. ಇಲ್ಲಿ ದೂರದ ಲಾಗ್‌ನ 40 ಪಟ್ಟಿನಿಂದ ಎರಡು ಆಂಟೆನಾ ಎತ್ತರಗಳ ಗುಣಲಬ್ಧದ ಲಾಗ್‌ನ 20 ಪಟ್ಟು ಕಳೆಯಬೇಕು, ಎಲ್ಲವೂ ಮೀಟರ್‌ನಲ್ಲಿ. ಗೇಟ್‌ವೇ 12 ಮೀಟರ್, ನೋಡ್ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ನಷ್ಟ 123 ಡಿಬಿ. ಬರೀ ನೆಲದ ಲೆಕ್ಕದಲ್ಲೇ 18 ಡಿಬಿ ಹೋಯಿತು. ಒಣಗದ್ದೆಯಲ್ಲೂ ಇಷ್ಟೇ ಹೋಗುತ್ತದೆ. ಇಷ್ಟು ದೂರದಲ್ಲಿ ಅಲೆಯ ಕೋನ ಎಷ್ಟು ಓರೆಯೆಂದರೆ ಉತ್ತ ಹೊಲವೂ ಅದಕ್ಕೆ ಕನ್ನಡಿಯೇ. ಹಾಗಾಗಿ ನಿಂತ ನೀರನ್ನು ದೂರುವುದರಲ್ಲಿ ಅರ್ಥವಿಲ್ಲ.

ನೋಡ್ ಕಡೆ 2, ಗೇಟ್‌ವೇ ಕಡೆ 5 ಡಿಬಿ ಆಂಟೆನಾ ಗಳಿಕೆ, ಕೇಬಲ್‌ನಲ್ಲಿ 1 ಡಿಬಿ ನಷ್ಟ ಹಿಡಿದರೆ ಗೇಟ್‌ವೇ ತಲುಪುವುದು −103 ಡಿಬಿಎಂ. ಲೋರಾ ಸಿಗ್ನಲನ್ನು ಎಷ್ಟು ಹಿಗ್ಗಿಸಿ ನಿಧಾನವಾಗಿ ಕಳಿಸಬೇಕೆಂಬ ಮೆಟ್ಟಿಲು ಎಸ್‌ಎಫ್ (ಸ್ಪ್ರೆಡಿಂಗ್ ಫ್ಯಾಕ್ಟರ್). ವೇಗದ ಎಸ್‌ಎಫ್ 7ರಲ್ಲಿ ಸಾಮಾನ್ಯ ಚಿಪ್ ಕೇಳಿಸಿಕೊಳ್ಳುವ ಮಿತಿ −123ರ ಆಸುಪಾಸು. ಕೈಯಲ್ಲಿ 20 ಡಿಬಿ ಉಳಿತಾಯ. ಜೂನ್‌ನಲ್ಲಿ ಎಲ್ಲ ನಡೆಯುವುದು ಇದರಿಂದ.

ಪೈರು ಬೆಳೆದಂತೆ ಅಲೆಗೆ ನೆಲವೇ ಮೇಲೇರುತ್ತದೆ. ಒತ್ತಾಗಿ ನಿಂತ, ರಸ ತುಂಬಿದ ಭತ್ತದ ಮೇಲ್ಮೈ ಇಷ್ಟು ಓರೆಯ ಅಲೆಗೆ ಹೆಚ್ಚುಕಡಿಮೆ ನೆಲದಂತೆಯೇ ವರ್ತಿಸುತ್ತದೆ. ಒಂದು ಮೀಟರ್ ಪೈರಿನಲ್ಲಿ ಒಂದೂವರೆ ಮೀಟರ್ ಕಂಬದ ಆಂಟೆನಾಕ್ಕೆ ಉಳಿಯುವ ಎತ್ತರ ಅರ್ಧ ಮೀಟರ್ ಮಾತ್ರ. ಎತ್ತರ ಮೂರನೇ ಒಂದಕ್ಕೆ ಇಳಿದರೆ 9.5 ಡಿಬಿ ನಷ್ಟ. ಮಂಜು, ಮಳೆಯಿಂದ ಎಲೆ ತೊಯ್ದಾಗ ಇನ್ನಷ್ಟು. ಆಂಟೆನಾ ಪೈರಿನೊಳಗೆ ಮುಳುಗಿದರಂತೂ ಈ ಲೆಕ್ಕವೂ ನಿಲ್ಲದು.

ಪರಿಹಾರ ಅಗ್ಗದ್ದು. ಒಂದೂವರೆ ಮೀಟರ್ ಜಿಐ ಪೈಪ್ ಹೆಚ್ಚು ಹಾಕಿ ಆಂಟೆನಾವನ್ನು ಮೂರು ಮೀಟರ್‌ಗೆ ಏರಿಸಿದರೆ ಪೈರಿನ ಮೇಲೆ ಎರಡು ಮೀಟರ್ ಸಿಗುತ್ತದೆ: ಅರ್ಧಕ್ಕಿಂತ ನಾಲ್ಕು ಪಟ್ಟು, ಅಂದರೆ 12 ಡಿಬಿ ಲಾಭ. ಇದೇ ಲಾಭವನ್ನು ವಿದ್ಯುತ್ತಿನಿಂದ ಪಡೆಯಬೇಕಾದರೆ 25ರ ಬದಲು 400 ಮಿಲಿವ್ಯಾಟ್ ಕಳಿಸಬೇಕು. ಆದರೆ ಪೆಟ್ಟಿಗೆ ಮೇಲೆ ಕಟ್ಟಿ ಸೆನ್ಸರ್ ವೈರ್ ಕೆಳಗೆ ತರುವಾಗ ವೈರನ್ನು ಕಾಂಡ್ಯೂಟ್ ಒಳಗೇ ಇಳಿಸಬೇಕು. ಗದ್ದೆ ಇಲಿಗಳು ಬರಿ ವೈರನ್ನು ಬಿಡುವುದಿಲ್ಲ. ಆಂಟೆನಾ ಕಬ್ಬಿಣದ ಪೈಪಿನ ತುದಿಗಿಂತ ಮೇಲೇ ನಿಲ್ಲಲಿ. ಪಕ್ಕಕ್ಕೆ ಕಟ್ಟಿದರೆ ಪೈಪಿನ ಹಿಂದಿನ ದಿಕ್ಕಿಗೆ ನೆರಳು ಬೀಳುತ್ತದೆ, ಅದೇ ದಿಕ್ಕಿನಲ್ಲಿ ಗೇಟ್‌ವೇ ಇದ್ದರೆ ಮುಗಿಯಿತು.

ಗಂಗಾವತಿ–ಆನೆಗೊಂದಿ ಕಡೆ ಬಂಡೆಗುಡ್ಡಗಳ ಲೆಕ್ಕ ಬೇರೆ. ಐದು ಕಿ.ಮೀ. ದಾರಿಯ ನಡುವೆ ದೃಷ್ಟಿರೇಖೆಗಿಂತ 20 ಮೀಟರ್ ಮೇಲೆದ್ದ ಒಂದು ಗುಡ್ಡದ ನೆತ್ತಿ ಸುಮಾರು 16 ಡಿಬಿ ತಿನ್ನುತ್ತದೆ. ಇದನ್ನು ನೆಲದ ನಷ್ಟಕ್ಕೆ ನೇರ ಕೂಡಿಸುವುದು ಒರಟು ಲೆಕ್ಕವಾದರೂ ಯೋಜನೆಗೆ ಅದೇ ಕ್ಷೇಮ. ಅಂಥ ಕಡೆ ಗೇಟ್‌ವೇಯನ್ನೇ ಗುಡ್ಡದ ಮೇಲಕ್ಕೆ ಒಯ್ಯಬೇಕು, ಅಡ್ಡಿಯಾಗಿದ್ದದ್ದೇ ಗೋಪುರವಾಗುತ್ತದೆ.

ಸಿಗ್ನಲ್ ಸಾಲದಾದಾಗ ಎಂಜಿನಿಯರ್ ಕೈ ಮೊದಲು ಹೋಗುವುದು ನಿಧಾನದ ಎಸ್‌ಎಫ್ 12ರ ಕಡೆಗೆ. ಮಿತಿ −137ಕ್ಕೆ ಇಳಿಯುತ್ತದೆ, ನಿಜ. ಬೆಲೆಯನ್ನೂ ನೋಡಬೇಕು. ಏಳು ಬೈಟ್ ಮಾಹಿತಿಗೆ ಲೋರಾ ಜಾಲದ ನಿಯಮಾವಳಿಯಾದ ಲೋರಾವಾನ್‌ನ 13 ಬೈಟ್ ಸೇರಿದ ಪ್ಯಾಕೆಟ್ ಎಸ್‌ಎಫ್ 7ರಲ್ಲಿ 57 ಮಿಲಿಸೆಕೆಂಡ್ ಗಾಳಿಯಲ್ಲಿರುತ್ತದೆ, ಎಸ್‌ಎಫ್ 12ರಲ್ಲಿ 1.32 ಸೆಕೆಂಡ್. ಕಳಿಸುವಾಗ 40 ಮಿಲಿಆ್ಯಂಪ್ ಹಿಡಿದರೆ, ಗಂಟೆಗೊಂದರಂತೆ ವರ್ಷಕ್ಕೆ ಮೊದಲನೆಯದು 6 ಮಿಲಿಆ್ಯಂಪ್-ಅವರ್ ಒಳಗೆ ಮುಗಿಸುತ್ತದೆ, ಎರಡನೆಯದು 128 ಕುಡಿಯುತ್ತದೆ. 400 ನೋಡ್‌ಗಳು ಮೂರು ಚಾನೆಲ್ ಹಂಚಿಕೊಂಡರೆ ಎಸ್‌ಎಫ್ 12ರಲ್ಲಿ ಬರೀ ಡಿಕ್ಕಿಯಿಂದಲೇ ನೂರಕ್ಕೆ ಒಂಬತ್ತು ಪ್ಯಾಕೆಟ್ ಹಾಳಾಗುತ್ತವೆ. ಎಸ್‌ಎಫ್ 7ರಲ್ಲಿ ನೂರಕ್ಕೆ ಅರ್ಧ ಪ್ಯಾಕೆಟ್‌ಗಿಂತಲೂ ಕಡಿಮೆ. ಅದೂ ನೋಡ್‌ಗಳು ಬೇರೆ ಬೇರೆ ಹೊತ್ತಿಗೆ ಕಳಿಸಿದರೆ. ಎಲ್ಲ ಗಡಿಯಾರಗಳನ್ನೂ ಸರಿಹೊಂದಿಸಿ ಗಂಟೆ ಹೊಡೆದ ಕೂಡಲೇ ಕಳಿಸುವ ಫರ್ಮ್‌ವೇರ್ ಬರೆದರೆ ಎಲ್ಲವೂ ಒಟ್ಟಿಗೇ ಕೂಗುತ್ತವೆ. ಪ್ರತಿ ನೋಡ್‌ಗೂ ಹತ್ತಾರು ನಿಮಿಷದ ಯಾದೃಚ್ಛಿಕ ವಿಳಂಬ ಕೊಡಲೇಬೇಕು.

ಗೇಟ್‌ವೇ ಎಲ್ಲಿಡಬೇಕು ಎಂಬುದರಲ್ಲಿ ಕಂಪನಿಗಳು ಮಾಡುವ ದೊಡ್ಡ ತಪ್ಪೊಂದಿದೆ. ಮೊಬೈಲ್ ಟವರ್ ಎತ್ತರವಾಗಿದೆ, ಕರೆಂಟ್ ಇದೆ, ಕಾವಲಿದೆ. ಅದರ ಮೇಲೇ ಕಟ್ಟೋಣ ಎನ್ನುತ್ತಾರೆ. ಭಾರತದಲ್ಲಿ 800 ಮೆಗಾಹರ್ಟ್ಸ್ ಮೊಬೈಲ್ ಬ್ಯಾಂಡಿನ ಟವರ್‌ಗಳು ಕಳಿಸುವುದು 869ರಿಂದ 889ರಲ್ಲಿ. ನಮ್ಮ 868ರ ಅಂಚಿಗೂ ಅದಕ್ಕೂ ಒಂದೇ ಮೆಗಾಹರ್ಟ್ಸ್ ಅಂತರ. ಟವರ್‌ನ 40 ವ್ಯಾಟ್ ಅಂದರೆ 46 ಡಿಬಿಎಂ. ಎರಡು ಆಂಟೆನಾಗಳ ನಡುವೆ 50 ಡಿಬಿ ಬೇರ್ಪಡೆ ಸಿಕ್ಕಿತೆಂದೇ ಇಟ್ಟುಕೊಂಡರೂ ಗೇಟ್‌ವೇ ಬಾಯಿಗೆ −4 ಡಿಬಿಎಂ ಬಡಿಯುತ್ತದೆ. ಅದು ಕೇಳಬೇಕಾದದ್ದು −115ರ ಪಿಸುಮಾತು. ರಿಸೀವರ್ ಕಿವುಡಾಗುತ್ತದೆ.

ಇದು ಬೆಂಗಳೂರಿನ ಬೆಂಚ್ ಮೇಲೆ ಕಾಣಿಸದಿರಲು ಕಾರಣವಿದೆ. ಹೆಚ್ಚಿನ ಗೇಟ್‌ವೇಗಳು ಯುರೋಪಿನ 863–870 ಬ್ಯಾಂಡಿಗೆ ರೂಪಿಸಿದವು. ಅವುಗಳ ಒಳಗಿನ ಫಿಲ್ಟರ್ 869ನ್ನೂ ಒಳಗೆ ಬಿಡುತ್ತದೆ. ಯುರೋಪಿನಲ್ಲಿ ಆ ಜಾಗದಲ್ಲಿ ಮೊಬೈಲ್ ಟವರ್ ಕೂಗುವುದಿಲ್ಲ, ಅಲ್ಲಿ ತೊಂದರೆಯಿಲ್ಲ. ಇಲ್ಲಿಗೆ ಬೇರೆ ಫಿಲ್ಟರ್ ಬೇಕು. ಭಾರತದ ಲೋರಾವಾನ್‌ನ ಮೂರು ಮೂಲ ಚಾನೆಲ್‌ಗಳು 865.0625, 865.4025, 865.985 ಮೆಗಾಹರ್ಟ್ಸ್, ಮೂರೂ 866ರ ಕೆಳಗೆ. ಇವಕ್ಕೇ ಅಂಟಿಕೊಂಡರೆ 3 ಮೆಗಾಹರ್ಟ್ಸ್ ಅಂತರ ಸಿಗುತ್ತದೆ, ಕಿರಿದಾದ ಬ್ಯಾಂಡನ್ನಷ್ಟೇ ಒಳಬಿಡುವ ಕ್ಯಾವಿಟಿ ಫಿಲ್ಟರ್‌ಗೆ ಅಷ್ಟು ಜಾಗ ಸಾಕು. ಹೊಸದಾಗಿ ಸಿಕ್ಕ 867–868ರ ಮೇಲೆ ಆಸೆಪಟ್ಟು ಚಾನೆಲ್ ಹೆಚ್ಚಿಸುವುದು ಟವರ್ ಪಕ್ಕ ಬೇಡ. ಒಂದು ಎಚ್ಚರ: ಟವರ್‌ನ ಟ್ರಾನ್ಸ್‌ಮಿಟರ್‌ನಿಂದ ಸೋರಿ ನಮ್ಮ ಚಾನೆಲ್‌ಗೇ ಬಿದ್ದ ಗದ್ದಲವನ್ನು ನಮ್ಮ ಕಡೆಯ ಯಾವ ಫಿಲ್ಟರ್ ಕೂಡ ತೆಗೆಯಲಾರದು. ಅದಕ್ಕೆ ದೂರವೇ ಮದ್ದು. ಊರ ನೀರಿನ ಟ್ಯಾಂಕ್ ಅಥವಾ ರೈಸ್‌ಮಿಲ್ಲಿನ ಮಾಳಿಗೆ ಎಷ್ಟೋ ವಾಸಿ. ಆಗಲೂ ಕೆಳಗಿನ ಕೋಣೆಯಲ್ಲಿ ಗೇಟ್‌ವೇ ಇಟ್ಟು 15 ಮೀಟರ್ ತೆಳು ಆರ್‌ಜಿ 58 ಕೇಬಲ್ ಎಳೆಯಬಾರದು. ಮೀಟರಿಗೆ ಸುಮಾರು ಅರ್ಧ ಡಿಬಿಯಂತೆ ಏಳೆಂಟು ಡಿಬಿ ಅಲ್ಲೇ ಸೋರುತ್ತದೆ. ದಪ್ಪನೆಯ ಎಲ್‌ಎಂಆರ್ 400 ಕೇಬಲ್ ಹಾಕಿದರೆ ಎರಡು ಡಿಬಿ.

ತೊಂದರೆ ದಾರಿಯದೋ ಗದ್ದಲದ್ದೋ ಎಂದು ತಿಳಿಯಲು ಆರ್‌ಎಸ್‌ಎಸ್‌ಐ (ತಲುಪಿದ ಸಿಗ್ನಲ್‌ನ ಬಲ), ಎಸ್‌ಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಎಂಬ ಅಳತೆ) ಎರಡನ್ನೂ ಒಟ್ಟಿಗೆ ಓದಬೇಕು. 125 ಕಿಲೋಹರ್ಟ್ಸ್ ಚಾನೆಲ್‌ನಲ್ಲಿ ಸಹಜ ಗದ್ದಲ −117 ಡಿಬಿಎಂ ಸುತ್ತ ಇರುತ್ತದೆ. ಆರ್‌ಎಸ್‌ಎಸ್‌ಐ −95 ಇದ್ದೂ ಎಸ್‌ಎನ್‌ಆರ್ ಸೊನ್ನೆಗಿಂತ ಕೆಳಗಿದ್ದರೆ ಯಾರೋ ಪಕ್ಕದಲ್ಲಿ ಕೂಗುತ್ತಿದ್ದಾರೆ. ಎರಡೂ ಸೋತಿದ್ದರೆ ಕಂಬ ಏರಿಸಿ. ಪ್ರತಿ ಜಾಗದಲ್ಲೂ 200 ಪ್ಯಾಕೆಟ್ ಕಳಿಸಿ ಎಷ್ಟು ಬಂದವೆಂದು ಎಣಿಸಬೇಕು. ಹತ್ತು ಪ್ಯಾಕೆಟ್ ನೋಡಿ ಸಹಿ ಹಾಕುವ ವರದಿಗೆ ಬೆಲೆಯಿಲ್ಲ. ಇದನ್ನು ಕೆಸರುಗದ್ದೆಯಲ್ಲಿ ಒಮ್ಮೆ, ತೆಂಡೆ ಒಡೆದಾಗ ಒಮ್ಮೆ, ತೆನೆ ಬಂದ ಮೇಲೆ ಬೆಳಗಿನ ಮಂಜಿನಲ್ಲಿ ಒಮ್ಮೆ ಮಾಡಬೇಕು. ಸಂಶೋಧನಾ ವಿಭಾಗದ ಮೂರು ತಿಂಗಳ ಗಡುವಿಗೆ ಬೆಳೆಯ ಕಾಲ ಬಗ್ಗುವುದಿಲ್ಲ. ಗಡುವನ್ನೇ ನಾಟಿಯಿಂದ ಕೊಯ್ಲಿನವರೆಗೆ ಎಳೆಯುವುದು ಒಳ್ಳೆಯದು. ಮಂಜಿನ ಬೆಳಗಿನಲ್ಲೂ 10 ಡಿಬಿ ಉಳಿದರೆ ಮಾತ್ರ ಆ ಜಾಗ ಪಾಸು.

ರಾಯಚೂರಿನ ಬಿಸಿಲಿನ ವಿಷಯ. ಮೇ ತಿಂಗಳಲ್ಲಿ ಹೊರಗೆ 42–43 ಡಿಗ್ರಿ ಇದ್ದಾಗ ಬಿಸಿಲಿಗೆ ಒಡ್ಡಿದ ಮುಚ್ಚಿದ ಪೆಟ್ಟಿಗೆಯ ಒಳಗೆ 60 ದಾಟುತ್ತದೆ. 3.6 ವೋಲ್ಟ್‌ನ ಲಿಥಿಯಂ ಥಯೋನಿಲ್ ಸೆಲ್‌ಗಳಲ್ಲಿ ಆ ಕಾವಿಗೆ ಲಿಥಿಯಂ ಮೇಲಿನ ಪದರ ದಪ್ಪಗಟ್ಟುತ್ತದೆ. ಬೇಸಿಗೆಯೆಲ್ಲ ಸುಮ್ಮನಿದ್ದ ನೋಡ್ ಮುಂಗಾರಿನಲ್ಲಿ ಮೊದಲ ಪ್ಯಾಕೆಟ್ ಕಳಿಸಲು ಹೋದಾಗ ವೋಲ್ಟೇಜ್ ಕುಸಿದು ಪ್ರೊಸೆಸರ್ ಮತ್ತೆ ಮತ್ತೆ ರೀಸೆಟ್ ಆಗುತ್ತದೆ. ಮೀಟರ್ ಹಿಡಿದರೆ 3.6 ತೋರಿಸುತ್ತದೆ, ಸೆಲ್ ಸರಿಯಿದೆ ಎಂದು ಮೋಸಹೋಗುತ್ತಾರೆ. ಸೆಲ್ ಜೊತೆ ಸೂಪರ್ ಕೆಪಾಸಿಟರ್ ಕೂರಿಸುವುದು, ಬೇಸಿಗೆಯಲ್ಲೂ ದಿನಕ್ಕೊಂದಾದರೂ ಪ್ಯಾಕೆಟ್ ಕಳಿಸುವುದು, ಪೆಟ್ಟಿಗೆಗೆ ಬಿಳಿ ತಗಡಿನ ನೆರಳು ಕಟ್ಟುವುದು, ಈ ಮೂರೂ ಬೇಕು. ತಗಡು ಆಂಟೆನಾಕ್ಕಿಂತ ಕೆಳಗಿರಲಿ. ರೇಡಿಯೋದ ಫ್ರೀಕ್ವೆನ್ಸಿ ಹಿಡಿದಿಡುವ ಕ್ರಿಸ್ಟಲನ್ನೂ ಕಾವು ಬಿಡುವುದಿಲ್ಲ. ಎಸ್‌ಎಫ್ 12ರ ಉದ್ದನೆಯ ಪ್ಯಾಕೆಟ್ ಹೋಗುವಾಗ ಪವರ್ ಆಂಪ್ಲಿಫೈಯರ್ ಬಿಸಿಯಾಗಿ ಪಕ್ಕದ ಕ್ರಿಸ್ಟಲ್‌ನ ಫ್ರೀಕ್ವೆನ್ಸಿಯನ್ನು ಪ್ಯಾಕೆಟ್ ನಡುವೆಯೇ ಜಾರಿಸುತ್ತದೆ. ಕಾವಿನ ಏರಿಳಿತವನ್ನು ತಾನೇ ಸರಿದೂಗಿಸುವ ಟಿಸಿಎಕ್ಸ್‌ಒ ಹಾಕಿದರೆ ನಿಶ್ಚಿಂತೆ. ಖರ್ಚು ಉಳಿಸಲೇಬೇಕೆಂದರೆ ಬೋರ್ಡಿನಲ್ಲಿ ಕ್ರಿಸ್ಟಲ್ ಸುತ್ತ ಸೀಳು ಬಿಟ್ಟು ಕಾವಿನ ದಾರಿ ಕಡಿಯಬೇಕು.

ಪೆಟ್ಟಿಗೆ ಮುಚ್ಚಿ, ಕಂಬಕ್ಕೆ ಕಟ್ಟಿದ ಸ್ಥಿತಿಯಲ್ಲೇ ಆಂಟೆನಾ ಅಳೆಯಿರಿ. 866ಕ್ಕೆ ಕಾಲು ಅಲೆಯ ತಂತಿ 8.66 ಸೆಂ.ಮೀ.; ಪಕ್ಕದ ಸೆಲ್, ಮುಚ್ಚಳದ ಪ್ಲಾಸ್ಟಿಕ್ ಎರಡೂ ಅದರ ಶ್ರುತಿಯನ್ನು ಕೆಳಗೆ ಎಳೆಯುತ್ತವೆ, ತಂತಿಯನ್ನು ಕೆಲವು ಮಿ.ಮೀ. ಕತ್ತರಿಸಬೇಕಾಗಬಹುದು. ಆಂಟೆನಾ ಅಳೆಯುವ ಸಣ್ಣ ಉಪಕರಣ ನ್ಯಾನೋವಿಎನ್‌ಎ ಸಾಕು, ರಿಟರ್ನ್ ಲಾಸ್ (ಆಂಟೆನಾದಿಂದ ಮರಳುವ ಶಕ್ತಿ ಎಷ್ಟು ಕಡಿಮೆ ಎಂಬ ಅಳತೆ) 10 ಡಿಬಿಗಿಂತ ಚೆನ್ನಾಗಿರಬೇಕು. ಕಂಬವನ್ನು ಗದ್ದೆಯ ನಡುವೆ ನೆಡದೆ ಬದುವಿನ ಮೇಲೇ ನೆಟ್ಟು ಕೆಂಪು ಬಟ್ಟೆ ಕಟ್ಟಿ. ಕೊಯ್ಲಿಗೆ ಹೊರ ಊರಿನ ಕಟಾವು ಯಂತ್ರಗಳು ರಾತ್ರಿಯೂ ಓಡುತ್ತವೆ, ಚಾಲಕನಿಗೆ ಆ ಕಂಬ ಗೊತ್ತಿರುವುದಿಲ್ಲ.