ಕಾಮಣಿ ಔಷಧಕ್ಕೆ ಹುಡುಗ ಆರಾಮಾದ. ಮತ್ತೆ ‘ಸಾಬೀತಾಗಿಲ್ಲ’ ಅಂತಾರಲ್ಲ, ಯಾಕೆ?

ಗೋಕಾಕದ ಕಡೆಯ ಓದುಗರೊಬ್ಬರ ಪ್ರಶ್ನೆ: “ಸರ್, ನಮ್ಮ ಅಣ್ಣನ ಮಗನಿಗೆ ಕಾಮಣಿ ಆಗಿತ್ತು. ಕಣ್ಣು, ಉಗುರು ಎಲ್ಲಾ ಅರಿಶಿಣ ಹಚ್ಚಿದ ಹಾಗೆ. ಡಾಕ್ಟರು ರಕ್ತ ತಪಾಸಣೆ ಮಾಡಿಸಿ, ‘ಔಷಧ ಏನೂ ಬೇಕಾಗಿಲ್ಲ, ರೆಸ್ಟ್ ಮಾಡಲಿ’ ಅಂದ್ರು. ನಮಗೆ ಸಮಾಧಾನ ಆಗಲಿಲ್ಲ. ಪಕ್ಕದ ಊರಲ್ಲಿ ಔಷಧ ಹಾಕುವ ಅಜ್ಜಾರ ಹತ್ರ ಮೂರು ರವಿವಾರ ಕರಕೊಂಡು ಹೋದ್ವಿ. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಟ್ರು. ನಾಲ್ಕನೇ ವಾರಕ್ಕೆ ಹುಡುಗ ಸಾಲಿಗೆ ಹೋದ. ಕಣ್ಣೆದುರಿಗೇ ಇಷ್ಟಾದರೂ ವಿಜ್ಞಾನಿಗಳು ಸಾಬೀತಾಗಿಲ್ಲ ಅಂತಾರಲ್ಲ, ಇದಕ್ಕೇನನ್ನಬೇಕು?”

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಗಿಡದ ಹೆಸರು ಬೇರೆ, ಊರು ಬೇರೆ, ಪ್ರಶ್ನೆ ಮಾತ್ರ ಅದೇ. ಮೊದಲು ಚಿಕ್ಕ ಉತ್ತರ ಕೊಟ್ಟುಬಿಡುತ್ತೇನೆ. ಹುಡುಗ ಆರಾಮಾದದ್ದು ನಿಜ. ಆದರೆ ನೆಲನೆಲ್ಲಿಯಿಂದ ಆದನೋ, ತಾನಾಗೇ ಆದನೋ ಅನ್ನುವುದನ್ನು ಒಬ್ಬ ಹುಡುಗನನ್ನು ನೋಡಿ ಹೇಳಲು ಬರುವುದಿಲ್ಲ. ಅಜ್ಜಾರಿಗೂ ಬರುವುದಿಲ್ಲ, ಡಾಕ್ಟರಿಗೂ ಬರುವುದಿಲ್ಲ.

ನಾನೂ ಆ ಔಷಧ ಕುಡಿದವನೇ. ಏಳೋ ಎಂಟೋ ವಯಸ್ಸು, ಬೈಲಹೊಂಗಲದ ಕಡೆಯ ಒಂದು ಹಳ್ಳಿ. ಬೆಳಕು ಹರಿಯುವ ಮುಂಚೆ ಅವ್ವ ಬಸ್ಸು ಹತ್ತಿಸಿದ್ದಳು. ಖಾಲಿ ಹೊಟ್ಟೆ. ಕಟ್ಟೆಯ ಮೇಲೆ ನಮ್ಮ ಹಾಗೆ ಹಳದಿ ಕಣ್ಣಿನವರ ಸಾಲು. ಅಜ್ಜ ಹಸಿರು ಮುದ್ದೆಯೊಂದನ್ನು ಮಜ್ಜಿಗೆಯಲ್ಲಿ ಕದಡಿ ಕೊಟ್ಟ. ಕಹಿ ಅಂದ್ರೆ ಕಹಿ. ಎಣ್ಣೆ ಬೇಡ, ಖಾರ ಬೇಡ, ಕಬ್ಬಿನ ಹಾಲು ಕುಡಿ ಅಂದ. ಪಕ್ಕದಲ್ಲಿ ಕೂತಿದ್ದ ದೊಡ್ಡವರೊಬ್ಬರಿಗೆ ಮೂಗಿಗೆ ಹನಿ ಹಾಕಿದ. ಸ್ವಲ್ಪ ಹೊತ್ತಿಗೆ ಅವರ ಮೂಗಿನಿಂದ ಹಳದಿ ನೀರು ಧಾರಾಕಾರ. “ನೋಡ್ರಿ, ಕಾಮಣಿ ಇಳಿಯಾಕತ್ತದ” ಅಂತ ಎಲ್ಲರೂ ಬೆರಗಾದರು. ನಾನೂ ಬೆರಗಾದೆ.

ಆ ಹನಿಗೆ ಬಹಳ ಕಡೆ ಬಳಸುವುದು ದೇವದಾಳಿ ಕಾಯಿ. ಹೀರೇಕಾಯಿ ಕುಲದ್ದು, ಮುಳ್ಳುಮುಳ್ಳಾಗಿ ಇರುತ್ತದೆ. ಅದರ ರಸ ಮೂಗಿನ ಒಳಪದರವನ್ನು ಕೆರಳಿಸುತ್ತದೆ, ನೀರು ಸುರಿಯುತ್ತದೆ. ಕಾಮಣಿಯಲ್ಲಿ ಮೈ ಹಳದಿ ಮಾಡುವ ಬಿಲಿರುಬಿನ್ ಇರುವುದು ರಕ್ತದಲ್ಲಿ. ಅದನ್ನು ಹೊರಗೆ ಹಾಕುವ ಕೆಲಸ ಯಕೃತ್ತಿನದು. ಮೂಗಿನಿಂದ ಅದನ್ನು ಇಳಿಸುವ ದಾರಿ ದೇಹದಲ್ಲಿ ಇಲ್ಲ. ಆದರೂ ನೋಡಿದವನಿಗೆ ಕಣ್ಣೇ ಸಾಕ್ಷಿ ಅಲ್ವಾ? ಕಣ್ಣಾರೆ ಕಂಡದ್ದನ್ನು ನಂಬಬೇಡಿ ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ.

ಈಗ ನಿಮ್ಮ ಹುಡುಗನ ವಿಷಯ. ಮಕ್ಕಳಲ್ಲಿ ಕಾಮಣಿಗೆ ಸಾಮಾನ್ಯ ಕಾರಣ ಹೆಪಟೈಟಿಸ್ ಎ ವೈರಸ್. ಕೊಳಕು ನೀರು, ಕೊಳಕು ಕೈ, ಅದರ ದಾರಿ. ಅದಕ್ಕೆ ಅಂತಲೇ ಇರುವ ಔಷಧ ಅಲೋಪತಿಯಲ್ಲೂ ಇಲ್ಲ. ಬಹುತೇಕ ಮಕ್ಕಳು ಕೆಲವು ವಾರಗಳಲ್ಲಿ ಪೂರ್ತಿ ಆರಾಮಾಗುತ್ತಾರೆ. ಹಾಗಾಗಿ ಡಾಕ್ಟರು ಗುಳಿಗೆ ಬರೆಯದೆ ಕಳಿಸಿದ್ದು ಅಸಡ್ಡೆಯಿಂದಲ್ಲ, ಅದೇ ಸರಿಯಾದ ಚಿಕಿತ್ಸೆ. ಮೂರು ರವಿವಾರ ಅಂದರೆ ಎಷ್ಟು ದಿನ? ಮೊದಲ ರವಿವಾರದಿಂದ ಸಾಲಿಗೆ ಹೋಗುವವರೆಗೆ ಹೆಚ್ಚುಕಡಿಮೆ ತಿಂಗಳು. ಕಾಯಿಲೆ ತಾನಾಗೇ ಇಳಿಯಲು ಬೇಕಾದದ್ದೂ ಅಷ್ಟೇ ಹೊತ್ತು.

ಇನ್ನೊಂದು ಮಾತು. ಆರಾಮಾದವರು ತೆಂಗಿನಕಾಯಿ ಹಿಡಿದು ಅಜ್ಜಾರ ಮನೆಗೆ ಬರುತ್ತಾರೆ. ಆಗದವರು ಬೆಳಗಾವಿಗೋ ಹುಬ್ಬಳ್ಳಿಗೋ ದವಾಖಾನೆಗೆ ಹೋಗುತ್ತಾರೆ, ತಿರುಗಿ ಬಂದು ಅಜ್ಜಾರಿಗೆ ಹೇಳುವುದಿಲ್ಲ. ಅಜ್ಜಾರ ಲೆಕ್ಕದಲ್ಲಿ ಎಲ್ಲರೂ ಆರಾಮಾದವರೇ. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಕಾಣುವುದೇ ಅರ್ಧ.

ಹಾಗಾದರೆ ಗೊತ್ತು ಮಾಡಿಕೊಳ್ಳುವುದು ಹೇಗೆ? ಇದಕ್ಕೆ ದೂರದ ಉದಾಹರಣೆ ಬೇಡ, ನಮ್ಮ ಜಿಲ್ಲೆಯದೇ ಇದೆ. ಗಿಡಮೂಲಿಕೆಯದಲ್ಲ, ಆದರೆ ವಿಧಾನ ಅದೇ. ಹೆರಿಗೆಯಾದ ಮೇಲೆ ವಿಪರೀತ ರಕ್ತ ಹೋಗಿ ತಾಯಂದಿರು ಸಾಯುತ್ತಿದ್ದರು. ಮಿಸೊಪ್ರೊಸ್ಟಾಲ್ ಗುಳಿಗೆ ಅದನ್ನು ತಡೆಯುತ್ತದೆಯೇ ಎಂದು ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನೋಡಿದರು. ಒಟ್ಟು 1620 ತಾಯಂದಿರು. ಹೆರಿಗೆ ಮಾಡಿಸಿದವರು ಎಎನ್‌ಎಂ, ಅಂದರೆ ಹಳ್ಳಿಯ ಆರೋಗ್ಯ ಸಹಾಯಕಿ ಸಿಸ್ಟರ್‌ಗಳು. ಅರ್ಧದಷ್ಟು ಜನರಿಗೆ ನಿಜವಾದ ಗುಳಿಗೆ, ಉಳಿದವರಿಗೆ ಅದೇ ರೀತಿ ಕಾಣುವ, ಆದರೆ ಔಷಧವೇ ಇಲ್ಲದ ಬರೀ ಗುಳಿಗೆ. ಯಾರಿಗೆ ಯಾವುದು ಅಂತ ಚೀಟಿ ಎತ್ತಿದ ಹಾಗೆ ಗೊತ್ತಾಗುತ್ತಿತ್ತು. ತಾಯಿಗೂ ತಿಳಿಯದು, ಸಿಸ್ಟರ್‌ಗೂ ತಿಳಿಯದು. ರಕ್ತ ಎಷ್ಟು ಹೋಯಿತು ಅನ್ನುವುದನ್ನೂ ಅಂದಾಜಿಗೆ ಬಿಡಲಿಲ್ಲ. ಅಳತೆಯ ಗೆರೆ ಇರುವ ಪ್ಲಾಸ್ಟಿಕ್ ಹಾಳೆಯನ್ನು ಕೆಳಗೆ ಹಾಸಿ, ಅದರ ಚೀಲದಲ್ಲಿ ಇಳಿದದ್ದನ್ನು ಅಳೆದರು. ಬರೀ ಗುಳಿಗೆ ತಗೊಂಡವರಲ್ಲಿ ಶೇ 12 ಜನರಿಗೆ ಅತಿ ರಕ್ತಸ್ರಾವ ಆಗಿತ್ತು. ನಿಜವಾದದ್ದು ತಗೊಂಡವರಲ್ಲಿ ಶೇ 6.4. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಮುಂದೆ ಬೇರೆ ದೇಶಗಳೂ ಇದನ್ನು ಗಮನಿಸಿದವು.

ಇಲ್ಲಿ ಒಂದು ಸೂಕ್ಷ್ಮ ನೋಡಿ. ಬರೀ ಗುಳಿಗೆ ತಗೊಂಡ ನೂರರಲ್ಲಿ 88 ತಾಯಂದಿರಿಗೆ ಏನೂ ಆಗಲಿಲ್ಲ. ಅವರನ್ನು ಕೇಳಿದ್ದರೆ “ಗುಳಿಗೆ ಬಹಳ ಚಲೋ ಅದ” ಅನ್ನುತ್ತಿದ್ದರು. ಪಕ್ಕದಲ್ಲಿ ಇನ್ನೊಂದು ಗುಂಪು ಇರದಿದ್ದರೆ ಆ ಮಾತನ್ನು ನಾವೂ ನಂಬುತ್ತಿದ್ದೆವು.

ಹಾಗಾದರೆ ನೆಲನೆಲ್ಲಿಗೆ ಇಂಥ ಪರೀಕ್ಷೆ ಯಾರೂ ಮಾಡಿಲ್ಲವೇ? ಮಾಡಿದ್ದಾರೆ, ಅದರ ಕಥೆ ಸ್ವಾರಸ್ಯವಾಗಿದೆ. ಚೆನ್ನೈನ ವಿಜ್ಞಾನಿಗಳು ಹೆಪಟೈಟಿಸ್ ಬಿ ವೈರಸ್ ಮೈಯಲ್ಲಿ ಹೊತ್ತು ತಿರುಗುತ್ತಿದ್ದವರಿಗೆ 30 ದಿನ ನೆಲನೆಲ್ಲಿ ಪುಡಿ ಕೊಟ್ಟರು. ಫಲಿತಾಂಶ 1988ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನೆಲನೆಲ್ಲಿ ತಗೊಂಡ 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಸ್‌ನ ಗುರುತು ಮಾಯ. ಬರೀ ಗುಳಿಗೆಯ 23 ಜನರಲ್ಲಿ ಒಬ್ಬರದು ಮಾತ್ರ. ಈ ಲೇಖನದ ಲೇಖಕರಲ್ಲಿ ಹೆಪಟೈಟಿಸ್ ಬಿ ವೈರಸ್ ಪತ್ತೆ ಮಾಡಿ 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲಮ್‌ಬರ್ಗ್ ಕೂಡ ಇದ್ದರು. ಜಗತ್ತೇ ತಿರುಗಿ ನೋಡಿತು. ನಮ್ಮ ಹೊಲದ ಬದುವಿನ ಕಳೆ ಗೆದ್ದೇ ಬಿಟ್ಟಿತು ಅನ್ನಿಸಿತು.

ಆಮೇಲೆ ಥೈಲ್ಯಾಂಡಿನವರು ಮಾಡಿ ನೋಡಿದರು. ಬರಲಿಲ್ಲ. ಬೇರೆ ಕಡೆಯೂ ಆ ಫಲಿತಾಂಶ ಹಾಗೆ ಮರಳಿ ಸಿಗಲಿಲ್ಲ. 2011ರಲ್ಲಿ ಇಂಥ 16 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿದಾಗಲೂ ಇದು ಕೆಲಸ ಮಾಡುತ್ತದೆ ಎಂದು ಧೈರ್ಯವಾಗಿ ಹೇಳುವಷ್ಟು ಪುರಾವೆ ಕಾಣಲಿಲ್ಲ. “ಸಾಬೀತಾಗಿಲ್ಲ” ಅನ್ನುವ ಮಾತು ಬಂದದ್ದು ಇಲ್ಲಿಂದ. ಯಾರೂ ಪರೀಕ್ಷಿಸದೆ ತಳ್ಳಿಹಾಕಿದ್ದಲ್ಲ. ಇನ್ನೂ ಒಂದಿದೆ. ಇದೆಲ್ಲ ಹೆಪಟೈಟಿಸ್ ಬಿಯ ಮಾತು, ನಿಮ್ಮ ಹುಡುಗನಿಗೆ ಬಂದದ್ದು ಬಹುಶಃ ಅದಲ್ಲ. ಕಾಮಣಿ ಒಂದು ಕಾಯಿಲೆಯಲ್ಲ, ಹತ್ತಾರು ಕಾಯಿಲೆಗಳ ಒಂದೇ ಬಣ್ಣ.

ಒಂದೇ ಗಿಡ ಒಂದು ಕಡೆ ಗೆದ್ದು ಇನ್ನೊಂದು ಕಡೆ ಯಾಕೆ ಸೋತಿತು? ಒಂದು ಅನುಮಾನ ಗಿಡದ ಮೇಲೆಯೇ ಬರುತ್ತದೆ. ಮಳೆಗಾಲದಲ್ಲಿ ಹೊಲದ ಬದುವಿಗೆ ಹೋಗಿ ನೆಲನೆಲ್ಲಿಯ ಒಂದು ಟೊಂಗೆ ತಿರುವಿ ನೋಡಿ. ಎಲೆಗಳ ಕೆಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಹಸಿರು ಕಾಯಿ ಸಾಲಾಗಿ ತೂಗುತ್ತವೆ. ಕಾಯಿ ನುಣುಪಾಗಿದ್ದು ಪುಟ್ಟ ತೊಟ್ಟಿನಿಂದ ತೂಗುತ್ತಿದ್ದರೆ ಅದು ಚೆನ್ನೈನವರು ಬಳಸಿದ ಜಾತಿ, ಫಿಲಾಂತಸ್ ಅಮಾರಸ್, ಆಗಿರಬಹುದು. ಕಾಯಿ ಒರಟಾಗಿದ್ದು ತೊಟ್ಟೇ ಇಲ್ಲದ ಹಾಗೆ ಕಡ್ಡಿಗೆ ಅಂಟಿಕೊಂಡಿದ್ದರೆ ಅದು ಬೇರೆ ಜಾತಿ, ಯುರಿನೇರಿಯಾ. ನಮ್ಮ ಬಾಯಲ್ಲಿ ಎರಡೂ ನೆಲನೆಲ್ಲಿ. ಒಣಗಿಸಿ ಪುಡಿ ಮಾಡಿದ ಮೇಲಂತೂ ಗುರುತು ಹಿಡಿಯುವುದು ದೇವರಿಗೇ ಪ್ರೀತಿ. ಬೆಂಗಳೂರಿನ ವಿಜ್ಞಾನಿಗಳು ದಕ್ಷಿಣ ಭಾರತದ ನಾರು-ಬೇರಿನ ಅಂಗಡಿಗಳಿಂದ ನೆಲನೆಲ್ಲಿ ಕೊಂಡು ಡಿಎನ್‌ಎ ಪರೀಕ್ಷೆ ಮಾಡಿದ್ದರು. 2010ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಶೇ 76 ಮಾದರಿಗಳು ಅಮಾರಸ್, ಉಳಿದವು ಅದರ ದಾಯಾದಿಗಳು. ಅಂದರೆ ನಾಲ್ಕು ಅಂಗಡಿಗೆ ಒಂದರಲ್ಲಿ ನೀವು ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು.

ಅದಕ್ಕೇ ಗಿಡದ ಸಂಶೋಧನೆಯಲ್ಲಿ ಮೊದಲ ಕೆಲಸ ಪ್ರಯೋಗಾಲಯದ್ದಲ್ಲ, ಗಿಡದ ಗುರುತಿನದು. ಬೆಳಗಾವಿಯ ನೆಹರು ನಗರದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಸಾಂಪ್ರದಾಯಿಕ ಔಷಧ ಸಂಸ್ಥೆ ಇದೆ. 2006ರಲ್ಲಿ ಪ್ರಾದೇಶಿಕ ವೈದ್ಯಕೀಯ ಸಂಶೋಧನಾ ಕೇಂದ್ರ ಅಂತ ಶುರುವಾದದ್ದು. ಅಲ್ಲಿ ಒಣಗಿಸಿ ಹಾಳೆಗೆ ಅಂಟಿಸಿ, ನಂಬರ್ ಕೊಟ್ಟಿಟ್ಟ ಗಿಡಗಳ ಸಂಗ್ರಹವಿದೆ. ಬೆಳಗಾವಿಯ ಕಾಲೇಜುಗಳಿಂದ ಬರುವ ಎಷ್ಟೋ ಪ್ರಬಂಧಗಳಲ್ಲಿ ಆ ನಂಬರ್ ಕಾಣುತ್ತದೆ. ಮುಂದೆ ಯಾರಾದರೂ ‘ನೀವು ಕೊಟ್ಟದ್ದು ಯಾವ ಗಿಡ?’ ಎಂದು ಕೇಳಿದರೆ ಹಾಳೆ ತೆಗೆದು ತೋರಿಸಬಹುದು. ಸುಮ್ನೆ ಧೂಳು ತಿನ್ನುವ ಕಾಗದ ಅಂದುಕೊಳ್ಳಬೇಡಿ.

ತಯಾರಿಸುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಚೀನಾದ ತು ಯುಯು ಅವರು ಮಲೇರಿಯಾಕ್ಕೆ ಹಳೆಯ ವೈದ್ಯಗ್ರಂಥಗಳಲ್ಲಿದ್ದ ಒಂದು ಗಿಡವನ್ನು ಪರೀಕ್ಷಿಸುತ್ತಿದ್ದರು. ಒಮ್ಮೆ ಕೆಲಸ ಮಾಡಿದರೆ ಇನ್ನೊಮ್ಮೆ ಇಲ್ಲ. ಕೊನೆಗೆ ನಾಲ್ಕನೇ ಶತಮಾನದ ಪುಸ್ತಕವೊಂದರ ಸಾಲು ಅವರ ಕಣ್ಣಿಗೆ ಬಿತ್ತು. ಒಂದು ಹಿಡಿ ಗಿಡವನ್ನು ನೀರಲ್ಲಿ ನೆನೆಸಿ, ಹಿಂಡಿ ರಸ ಕುಡಿ ಅಂತ ಅದರಲ್ಲಿತ್ತು. ಕುದಿಸು ಅಂದಿರಲಿಲ್ಲ! ಬಿಸಿಗೆ ಅದರ ಗುಣ ಹಾಳಾಗುತ್ತಿರಬಹುದು ಎಂದು ಹೊಳೆದು, ಕಡಿಮೆ ಶಾಖದಲ್ಲಿ ಈಥರ್ ಬಳಸಿ ಸಾರ ತೆಗೆದರು. 1971ರಲ್ಲಿ ಕೆಲಸ ಮಾಡಿತು. ಇವತ್ತಿನ ಮಲೇರಿಯಾ ಔಷಧ ಆರ್ಟೆಮಿಸಿನಿನ್ ಅದೇ. 2015ರಲ್ಲಿ ನೊಬೆಲ್. ಹಳಬರ ಮಾತಿನಲ್ಲಿ ಗಿಡದ ಹೆಸರಷ್ಟೇ ಅಲ್ಲ, ‘ಹಸಿಯಾಗಿ ಅರೆ’ ಅನ್ನುವ ಮಾತಿಗೂ ಬೆಲೆ ಇದೆ. ಬರೆದುಕೊಳ್ಳುವವರು ಅದನ್ನೇ ಬಿಟ್ಟುಬಿಡುತ್ತಾರೆ.

ಗೆದ್ದ ಗಿಡ ನಮ್ಮ ಹಿತ್ತಲಲ್ಲೂ ಇದೆ. ಕೆಮ್ಮಿಗೆ ಆಡುಸೋಗೆ ಎಲೆ ಬಾಡಿಸಿ ಹಿಂಡಿ ಜೇನಿನ ಜೊತೆ ಕೊಡುವುದನ್ನು ನೋಡಿದ್ದೀರಲ್ಲ. ಅದರಲ್ಲಿರುವ ವಾಸಿಸಿನ್ ಅನ್ನುವ ವಸ್ತುವಿನ ರಚನೆಯನ್ನು ಸ್ವಲ್ಪ ಬದಲಿಸಿ ಬ್ರೊಮ್‌ಹೆಕ್ಸಿನ್ ಮಾಡಿದರು. ಅದೇ ದೇಹದೊಳಗೆ ಹೋಗಿ ಆಂಬ್ರಾಕ್ಸಾಲ್ ಆಗುತ್ತದೆ. ಎರಡೂ ಕಫ ತೆಳುವಾಗಿಸುತ್ತವೆ. ಮನೆಯಲ್ಲಿ ಕಫದ ಕೆಮ್ಮಿನ ಸಿರಪ್ ಇದ್ದರೆ ಬಾಟಲಿ ತಿರುಗಿಸಿ ಓದಿ, ಈ ಎರಡರಲ್ಲಿ ಒಂದು ಹೆಸರು ಸಿಕ್ಕರೂ ಸಿಕ್ಕೀತು.

ಸೋಲು, ಗೆಲುವಿನ ಜೊತೆ ಮೂರನೆಯದೂ ಇದೆ, ಹಾನಿ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿಯದ ಮನೆ ಇರಲಿಲ್ಲ. ಮುಂಬೈಯ ವೈದ್ಯರು 2020ರ ಕೊನೆಯ ತಿಂಗಳುಗಳಲ್ಲಿ ಅದನ್ನು ಕುಡಿದು ಯಕೃತ್ತು ಕೆಟ್ಟಿದ್ದ ಆರು ಜನರನ್ನು ನೋಡಿದರು. ಅವರಿಗೆ ಬಂದದ್ದು ಏನು ಗೊತ್ತಾ? ಕಾಮಣಿ. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಅದು ನಿಜವಾದ ಅಮೃತಬಳ್ಳಿಯೇ ಎಂದು ಗುರುತಿಸಿಲ್ಲ, ಅದರ ಹತ್ತಿರದ ಬೇರೆ ಬಳ್ಳಿ ಇರಬಹುದು ಎಂದಿತು. ಆ ಪ್ರಶ್ನೆ ತಪ್ಪಲ್ಲ, ನೆಲನೆಲ್ಲಿಗೆ ನಾವು ಕೇಳಿದ್ದೂ ಅದನ್ನೇ. ಆಮೇಲೆ ದೇಶದ 13 ಕೇಂದ್ರಗಳಿಂದ ಇಂಥ 43 ಜನರ ವಿವರ ಪ್ರಕಟವಾಯಿತು. ‘ಗಿಡ ತಾನೇ, ಸೈಡ್ ಎಫೆಕ್ಟ್ ಇಲ್ಲ’ ಅನ್ನುವ ಮಾತನ್ನು ನಾನಂತೂ ಆವತ್ತಿಗೇ ಬಿಟ್ಟೆ.

ನಿಮಗೆ ಏನು ಹೇಳಲಿ? ಹುಡುಗನಿಗೆ ಕೊಟ್ಟದ್ದಕ್ಕೆ ಈಗ ಕೊರಗಬೇಡಿ. ರಕ್ತ ತಪಾಸಣೆ ಮೊದಲು ಮಾಡಿಸಿದಿರಿ, ಅದೇ ದೊಡ್ಡದು. ಮುಂದೆ ಮನೆಯಲ್ಲಿ ಯಾರಿಗಾದರೂ ಕಾಮಣಿಯಾದರೆ ಆ ಕ್ರಮವನ್ನು ಬಿಡಬೇಡಿ. ಏನು ಕುಡಿಸಿದ್ದೀರಿ ಅಂತ ಡಾಕ್ಟರ ಹತ್ರ ಮುಚ್ಚಿಡಬೇಡಿ. ರೋಗಿ ವಿಪರೀತ ನಿದ್ದೆ ಮಾಡಿದರೆ, ತೊದಲಿದರೆ, ಗೊಂದಲದಲ್ಲಿ ಮಾತಾಡಿದರೆ, ವಾಂತಿ ನಿಲ್ಲದಿದ್ದರೆ, ಎಲ್ಲಿಂದಾದರೂ ರಕ್ತ ಬಂದರೆ ರವಿವಾರಕ್ಕೆ ಕಾಯಬೇಡಿ, ಆ ರಾತ್ರಿಯೇ ದೊಡ್ಡ ದವಾಖಾನೆಗೆ ನಡೆಯಿರಿ. ಬಸುರಿ ಹೆಣ್ಣುಮಕ್ಕಳಿಗಂತೂ ಒಂದು ದಿನವೂ ತಡ ಮಾಡಬಾರದು. ಹೆಪಟೈಟಿಸ್ ಇ ವೈರಸ್ ಆಗಿದ್ದು ಕೊನೆಯ ಮೂರು ತಿಂಗಳಾಗಿದ್ದರೆ ನೂರರಲ್ಲಿ 20ರಿಂದ 25ರವರೆಗೂ ತಾಯಂದಿರು ಉಳಿಯದೆ ಹೋಗಬಹುದು. ವಯಸ್ಸಾದವರಿಗೆ ಮೈ ತುರಿಕೆ, ಬಿಳಿಚಿದ ಮಲ ಇದ್ದರೆ ಪಿತ್ತನಾಳದಲ್ಲಿ ಕಲ್ಲೋ ಗಡ್ಡೆಯೋ ಇರಬಹುದು, ಅದಕ್ಕೆ ಯಾವ ಸೊಪ್ಪಿನ ರಸವೂ ದಾರಿ ಬಿಡಿಸುವುದಿಲ್ಲ.

ಅಜ್ಜಾರು ಇನ್ನೂ ಇದ್ದಾರಲ್ಲ. ಅವರು ಒಪ್ಪಿದರೆ ಒಂದು ಕೆಲಸ ಮಾಡಿ. ಅವರು ಕೊಡುವ ಗಿಡವನ್ನು ಬೇರುಸಮೇತ, ಕಾಯಿ ಇರುವಾಗ ಒಂದು ಕಿತ್ತು ಹಳೆಯ ಪೇಪರಿನ ನಡುವೆ ಒತ್ತಿ ಒಣಗಿಸಿ. ಯಾವ ಹೊಲ, ಯಾವ ತಿಂಗಳು, ಎಷ್ಟು ಸೊಪ್ಪು, ಹಸಿಯೋ ಒಣದೋ, ಮಜ್ಜಿಗೆಯೋ ಹಾಲೋ, ಅವರ ಬಾಯಲ್ಲಿ ಬಂದ ಹಾಗೆಯೇ ಪಕ್ಕದಲ್ಲಿ ಬರೆದಿಡಿ. ಕಾಯಿಗೆ ತೊಟ್ಟು ಇದೆಯೋ ಇಲ್ಲವೋ ಅನ್ನುವುದನ್ನೂ.